ಕಡವಿನಾಚೆಯ ಗೋರಾಯಿ: ಉತ್ತರ ಮುಂಬಯಿಯ ಒಂದು ಕರಾವಳಿ ಹಳ್ಳಿಯ ಇತಿಹಾಸ

ಮುಂಬಯಿ ಮಹಾನಗರವೆಂದೊಡನೆ ಯಾರ ಕಣ್ಣೆದುರಿಗಾದರೂ ಮೊದಲು ಬಂದು ನಿಲ್ಲುವುದು ಲೋಕಲ್ ರೈಲು, ಮುಗಿಲು ಮುಟ್ಟುವ ಕಟ್ಟಡಗಳು ಹಾಗೂ ಬಿಡುವರಿಯದ ಜನಸಾಗರ. ಆದರೆ ಇದೇ ನಗರದ ಆಡಳಿತದ ಎಲ್ಲೆಯೊಳಗೆ, ಇಂದಿಗೂ ದೋಣಿಯೇರಿ ಕಡವು ದಾಟಿ ಹೋಗಬೇಕಾದ ಹಳ್ಳಿಗಳಿವೆಯೆಂಬುದು ಹಲವು ದಶಕಗಳಿಂದ ಇಲ್ಲಿ ನೆಲೆಸಿದವರಲ್ಲಿಯೂ ಅನೇಕರ ಗಮನಕ್ಕೆ ಬಾರದ ಸಂಗತಿ. ಅಂತಹ ಹಳ್ಳಿಗಳಲ್ಲಿ ಮುಖ್ಯವಾದುದು ನಗರದ ವಾಯವ್ಯದ ತುದಿಯಲ್ಲಿರುವ ಗೋರಾಯಿ. ಬೊರಿವಲಿ, ದಹಿಸರ್, ಮೀರಾರೋಡ್, ಭಾಯಂದರ್ ಪರಿಸರದಲ್ಲಿ ಸಾವಿರಾರು ತುಳು-ಕನ್ನಡಿಗ ಕುಟುಂಬಗಳು ಬಾಳು ಕಟ್ಟಿಕೊಂಡಿವೆ. ಅವುಗಳ ಮನೆಯಂಗಳಕ್ಕೆ ಅನತಿದೂರದಲ್ಲಿರುವ ಈ ನೆಲದ ಇತಿಹಾಸದಲ್ಲಿ ಕರ್ನಾಟಕದ ಅರಸುಮನೆತನಗಳ ಹೆಜ್ಜೆಗುರುತುಗಳೂ ಮೂಡಿವೆ. ಅದನ್ನು ಸ್ಥೂಲವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ನೆಲ ಮತ್ತು ನೀರು

ಬೊರಿವಲಿ ರೈಲು ನಿಲ್ದಾಣದಿಂದ ಪಶ್ಚಿಮಾಭಿಮುಖವಾಗಿ ಸಾಗಿದರೆ ವಸತಿ ಬಡಾವಣೆಗಳು ಮುಗಿಯುವಲ್ಲಿ ಕಾಂಡ್ಲಾ ಕಾಡು ತೊಡಗುತ್ತದೆ. ಅದರ ನಡುವೆ ಹರಿಯುವ ಉಪ್ಪುನೀರಿನ ಕಾಲುವೆಯನ್ನು ಸ್ಥಳೀಯರು ‘ಖಾಡಿ’ಯೆಂದು ಕರೆಯುತ್ತಾರೆ. ಕಡಲಿನ ಉಬ್ಬರವಿಳಿತಕ್ಕೆ ತಕ್ಕಂತೆ ಏರಿಳಿಯುವ ಈ ಖಾಡಿಯ ಆಚೆಯ ದಡದಲ್ಲಿ ಉತ್ತರ-ದಕ್ಷಿಣವಾಗಿ ಚಾಚಿದ ಒಂದು ಕಿರಿದಾದ ಭೂಪಟ್ಟಿಯಿದೆ. ಅದರ ದಕ್ಷಿಣದ ತುದಿಯಲ್ಲಿ ಮನೋರಿ, ನಡುವೆ ಗೋರಾಯಿ ಮತ್ತು ಕುಲವೇಂ, ಉತ್ತರದಲ್ಲಿ ಉತ್ತನ್ ಹಾಗೂ ಡೋಂಗ್ರಿ ಗ್ರಾಮಗಳಿವೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ವಸಾಯಿಯ ಖಾಡಿ. ಹಳೆಯ ದಾಖಲೆಗಳಲ್ಲಿ ಈ ಪ್ರದೇಶಕ್ಕೆ ಧಾರಾವಿ ದ್ವೀಪವೆಂಬ ಹೆಸರಿದೆ. ನಗರಮಧ್ಯದಲ್ಲಿರುವ, ಚರ್ಮೋದ್ಯಮಕ್ಕೆ ಹೆಸರಾದ ಧಾರಾವಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸಿಕೊಳ್ಳುವುದು ಲೇಸು. ಬೊರಿವಲಿಯ ಬದಿಯಲ್ಲಿ ‘ಗೋರಾಯಿ’ಯೆಂದೇ ಕರೆಯಲಾಗುವ ವಸತಿ ಬಡಾವಣೆಯಿದೆ. ಅದು ಪಕ್ಕದ ಚಾರ್ಕೋಪ್‌ನಂತೆ, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ನಗರಾಭಿವೃದ್ಧಿ ಯೋಜನೆಯಡಿ ರೂಪುಗೊಂಡ ಹೊಸ ನೆಲೆ. ಮೂಲ ಗೋರಾಯಿ ಗ್ರಾಮವಿರುವುದು ಖಾಡಿಯ ಆಚೆಗೆ. ಜೆಟ್ಟಿಯಿಂದ ದೋಣಿಯೇರಿದರೆ ಕೆಲವೇ ನಿಮಿಷಗಳ ಪಯಣ. ರಸ್ತೆಯ ಮೂಲಕವೇ ಹೋಗಬೇಕೆಂದರೆ ದಹಿಸರ್, ಮೀರಾರೋಡ್, ಭಾಯಂದರ್, ಉತ್ತನ್‌ಗಳನ್ನು ಸುತ್ತುವರಿದು ಹತ್ತಾರು ಕಿಲೋಮೀಟರು ಕ್ರಮಿಸಬೇಕು. ಮನೋರಿಗೆ ಮಲಾಡಿನ ಮಾರ್ವೆಯಿಂದ ದೋಣಿಯಿದೆ. ಈ ಒಂದು ಕಡವು ಗೋರಾಯಿಯ ಇತಿಹಾಸವನ್ನು ರೂಪಿಸಿದಷ್ಟು ಬೇರೆ ಯಾವುದೂ ರೂಪಿಸಲಿಲ್ಲವೆನ್ನಬಹುದು.

ಅಪರಾಂತದ ಕಡಲತೀರ

ಪ್ರಾಚೀನರು ಉತ್ತರ ಕೊಂಕಣವನ್ನು ಅಪರಾಂತವೆಂದು ಕರೆದರು. ಸಹ್ಯಾದ್ರಿಗೂ ಕಡಲಿಗೂ ನಡುವಿನ ಈ ಭೂಮಿಯನ್ನು ಪರಶುರಾಮನು ಸಮುದ್ರರಾಜನಿಂದ ಪಡೆದನೆಂಬ ಐತಿಹ್ಯವು ತುಳುನಾಡಿನವರಿಗೆ ಹೊಸದಲ್ಲ. ಉಡುಪಿ, ಮಂಗಳೂರುಗಳನ್ನು ಒಳಗೊಂಡ ಪರಶುರಾಮ ಕ್ಷೇತ್ರದ ಕಲ್ಪನೆಯೊಳಗೆ ಈ ತೀರವೂ ಸೇರುತ್ತದೆ. ವಸಾಯಿ ಖಾಡಿಯ ಉತ್ತರಕ್ಕಿರುವ ಇಂದಿನ ನಾಲಾಸೋಪಾರವೇ ಪ್ರಾಚೀನ ಶೂರ್ಪಾರಕ. ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಗೆ ಹೊರಟ ಪಾಂಡವರು ಪ್ರಭಾಸಕ್ಕೆ ಹೋಗುವ ಮುನ್ನ ಶೂರ್ಪಾರಕವನ್ನು ಸಂದರ್ಶಿಸಿದ ಪ್ರಸ್ತಾಪವಿದೆ. 1882ರಲ್ಲಿ ಪಂಡಿತ ಭಗವಾನಲಾಲ್ ಇಂದ್ರಜಿಯವರು ಸೋಪಾರದಲ್ಲಿ ನಡೆಸಿದ ಶೋಧದಿಂದ ಬೌದ್ಧ ಸ್ತೂಪವೂ ಅಶೋಕನ ಎಂಟನೆಯ ಶಿಲಾಶಾಸನದ ತುಣುಕೂ ಬೆಳಕಿಗೆ ಬಂದವು. ಒಂಬತ್ತನೆಯ ಶಾಸನದ ಭಾಗವು 1956ರಲ್ಲಿ ದೊರೆಯಿತು. ಮಸ್ಕಿ, ಬ್ರಹ್ಮಗಿರಿಗಳಲ್ಲಿ ಮಾತನಾಡಿದ ಅರಸನ ಧ್ವನಿ ಈ ಬಂದರಿನಲ್ಲಿಯೂ ಕೇಳಿಸಿತ್ತು.

ಗೋರಾಯಿಯ ಪೂರ್ವಕ್ಕೆ, ಬೊರಿವಲಿಯ ಬೆಟ್ಟಗಳಲ್ಲಿ ಕಾನ್ಹೇರಿ ಗುಹೆಗಳಿವೆ. ಕಪ್ಪು ಬಂಡೆಯನ್ನು ಕೊರೆದು ನಿರ್ಮಿಸಿದ ನೂರಕ್ಕೂ ಮಿಕ್ಕಿದ ಈ ಗುಹೆಗಳಲ್ಲಿ ಸುಮಾರು ಸಾವಿರ ವರ್ಷಗಳ ಕಾಲ ಬೌದ್ಧ ಭಿಕ್ಷುಗಳು ನೆಲೆಸಿದ್ದರು. ಸೋಪಾರ, ಕಲ್ಯಾಣಗಳಂತಹ ಬಂದರುಗಳ ವರ್ತಕರು ಅವರಿಗೆ ದಾನ ನೀಡಿದುದನ್ನು ಅಲ್ಲಿಯ ಶಾಸನಗಳು ಹೇಳುತ್ತವೆ. ಆ ಕಾಲದಲ್ಲಿ ಕಡಲತೀರವು ನಾಡಿನ ಹೆಬ್ಬಾಗಿಲಾಗಿತ್ತು. ಬಂದವರೆಲ್ಲರೂ ನೀರಿನ ಹಾದಿಯಲ್ಲಿ ಬಂದವರೇ. ಗೋರಾಯಿಯಂತಹ ಊರನ್ನು ‘ದೂರದ ಹಳ್ಳಿ’ಯೆಂದು ಕರೆಯುವ ಸಂದರ್ಭವೇ ಆಗ ಇರಲಿಲ್ಲ.

ಕರ್ನಾಟಕದ ಅರಸರು

ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಗೆದ್ದು, ನೂರಾರು ಹಡಗುಗಳೊಡನೆ ಅವರ ಪುರಿಯನ್ನು ಮುತ್ತಿದನೆಂದು ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ ವರ್ಣಿಸಿದ್ದಾನೆ. ಈ ಪುರಿಯು ಮುಂಬಯಿ ಬಂದರಿನ ಘಾರಾಪುರಿಯೆಂದು ಹಲವು ವಿದ್ವಾಂಸರ ಅಭಿಮತ. ರಾಜಪುರಿಯೆಂಬ ಪಕ್ಷವೂ ಇದೆ. ಅದೇನೇ ಇದ್ದರೂ ಕೊಂಕಣದ ಈ ಕರಾವಳಿಗೆ ಕನ್ನಡ ನಾಡಿನ ನೌಕಾಬಲವು ಬಂದುದಕ್ಕೆ ಇದು ಸ್ಪಷ್ಟವಾದ ಆಧಾರ.

ಚಾಲುಕ್ಯರ ಬಳಿಕ ಮಾನ್ಯಖೇಟದ ರಾಷ್ಟ್ರಕೂಟರ ಆಳ್ವಿಕೆ ಇಲ್ಲಿ ನೆಲೆಗೊಂಡಿತು. ‘ಕವಿರಾಜಮಾರ್ಗ’ದ ಆಶ್ರಯದಾತನಾದ ಅಮೋಘವರ್ಷ ನೃಪತುಂಗನ ಹೆಸರು ಕಾನ್ಹೇರಿಯ ಬಂಡೆಗಳ ಮೇಲೆ ಕೆತ್ತಲ್ಪಟ್ಟಿದೆಯೆಂಬುದು ಮುಂಬಯಿ ಕನ್ನಡಿಗರು ನೆನಪಿನಲ್ಲಿಡಬೇಕಾದ ಸಂಗತಿ. ಕ್ರಿ.ಶ. 843ರಿಂದ 877ರ ನಡುವಣ ಮೂರು ಶಾಸನಗಳು ಅವನ ಸಾರ್ವಭೌಮತ್ವವನ್ನು ಸಾರುತ್ತವೆ. ಅವನ ಸಾಮಂತರಾಗಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ವಂಶದ ಪುಲ್ಲಶಕ್ತಿ ಮತ್ತು ಇಮ್ಮಡಿ ಕಪರ್ದಿಯ ಹೆಸರುಗಳೂ ಅವುಗಳಲ್ಲಿವೆ. ಶಾಸನಗಳ ವಿಷಯ ಭಿಕ್ಷುಗಳ ವಸತಿ, ವಸ್ತ್ರ ಮೊದಲಾದವುಗಳಿಗಾಗಿ ನೀಡಿದ ದಾನ. ಜಿನಭಕ್ತನಾಗಿ ಹೆಸರಾದ ಚಕ್ರವರ್ತಿಯ ರಾಜ್ಯದಲ್ಲಿ ಬೌದ್ಧ ವಿಹಾರವು ನಿರಾತಂಕವಾಗಿ ದಾನ ಪಡೆಯುತ್ತಿತ್ತೆಂಬುದು ಆ ಕಾಲದ ಧಾರ್ಮಿಕ ಸಹನೆಗೆ ಸಾಕ್ಷಿ. ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಹೇಳಿದ ಕಾಲಘಟ್ಟ ಮತ್ತು ಕಾನ್ಹೇರಿಯ ಈ ಶಾಸನಗಳ ಕಾಲ ಒಂದೇ ಎಂಬುದನ್ನು ಗಮನಿಸಬೇಕು.

ಶಿಲಾಹಾರರು ತಮ್ಮನ್ನು ತಗರಪುರದ, ಅಂದರೆ ಇಂದಿನ ತೇರ್‌ನ ಮೂಲದವರೆಂದು ಹೇಳಿಕೊಂಡರು. ಥಾಣೆಯನ್ನು ಕೇಂದ್ರವಾಗಿರಿಸಿಕೊಂಡು ಸುಮಾರು ನಾಲ್ಕೂವರೆ ಶತಮಾನಗಳ ಕಾಲ ಉತ್ತರ ಕೊಂಕಣವನ್ನು ಆಳಿದ ಅವರ ತಾಮ್ರಶಾಸನಗಳು ಸಂಸ್ಕೃತದಲ್ಲಿದ್ದರೂ, ‘ಮಲಗಲಗಂಡ’, ‘ನನ್ನಿಸಮುದ್ರ’ಗಳಂತಹ ಕನ್ನಡ ಬಿರುದುಗಳು ಅವುಗಳಲ್ಲಿ ಇಣುಕುತ್ತವೆ. ನನ್ನಿಯೆಂದರೆ ಹಳಗನ್ನಡದಲ್ಲಿ ಸತ್ಯ. ಕಡಲ ತೀರದ ಅರಸನೊಬ್ಬ ತನ್ನನ್ನು ಸತ್ಯದ ಸಮುದ್ರವೆಂದು ಕನ್ನಡದಲ್ಲಿ ಕರೆಸಿಕೊಂಡುದು ಅರ್ಥಪೂರ್ಣವಾಗಿದೆ.

ಈ ವಂಶದ ಅಪರಾಜಿತನು ಕ್ರಿ.ಶ. 997ರಲ್ಲಿ ಹೊರಡಿಸಿದ ಭಾದಾನದ ತಾಮ್ರಶಾಸನವು ಇನ್ನೊಂದು ಕಾರಣಕ್ಕಾಗಿ ಸ್ಮರಣೀಯ. ಅಷ್ಟರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯವು ಅಳಿದು ಎರಡು ದಶಕಗಳೇ ಸಂದಿದ್ದವು. 973ರಲ್ಲಿ ಚಾಲುಕ್ಯ ತೈಲಪನು ಕಡೆಯ ಅರಸ ಕಕ್ಕನನ್ನು ಸೋಲಿಸಿದ್ದನು. ಆದರೂ ಅಪರಾಜಿತನು ಹೊಸ ಚಕ್ರವರ್ತಿಯನ್ನು ಕೊಂಡಾಡದೆ, ಅಳಿದುಹೋದ ತನ್ನ ಒಡೆಯರ ವಂಶಾವಳಿಯನ್ನು ವಿವರವಾಗಿ ಬರೆಯಿಸಿ, ಆ ವಂಶದ ನಾಶಕ್ಕಾಗಿ ಮರುಗಿದ್ದಾನೆ. ಲಾಭವಿಲ್ಲದಿದ್ದರೂ ಹಳೆಯ ಋಣವನ್ನು ಮರೆಯದ ಈ ಸ್ವಾಮಿನಿಷ್ಠೆ ಶಾಸನ ಸಾಹಿತ್ಯದಲ್ಲಿ ಅಪರೂಪ.

ಏಕ್ಸರ್‌ನ ವೀರಗಲ್ಲುಗಳು

ಗೋರಾಯಿಯ ಕಡವಿಗೆ ಸಮೀಪದಲ್ಲಿ, ಬೊರಿವಲಿ ಪಶ್ಚಿಮದ ಏಕ್ಸರ್ ಗ್ರಾಮದಲ್ಲಿರುವ ವೀರಗಲ್ಲುಗಳು ಈ ಪರಿಸರದ ಅಮೂಲ್ಯ ಸ್ಮಾರಕಗಳು. ಇಲ್ಲಿ ಆರು ಕಲ್ಲುಗಳಿದ್ದುದಾಗಿ ಬ್ರಿಟಿಷ್ ಕಾಲದ ಗ್ಯಾಸೆಟಿಯರ್ ದಾಖಲಿಸಿದೆ. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಕಾಣಸಿಗುವ ವೀರಗಲ್ಲುಗಳಂತೆ ಇವುಗಳನ್ನೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ಅದರ ಮೇಲೆ ವೀರಮರಣ ಪಡೆದವರ ಸ್ವರ್ಗಾರೋಹಣ, ಮೇಲ್ತುದಿಯಲ್ಲಿ ಶಿವಸಾನ್ನಿಧ್ಯ. ಆದರೆ ತುರುಗೋಳು, ಊರಳಿವುಗಳಿಗೆ ಬದಲಾಗಿ ಇಲ್ಲಿ ಕೆಲವು ಕಲ್ಲುಗಳಲ್ಲಿ ಕಂಡುಬರುವುದು ಹಡಗುಗಳ ಸಾಲು. ಹುಟ್ಟುಗಳನ್ನು ಹಾಕುತ್ತ ಮುನ್ನುಗ್ಗುವ ನಾವೆಗಳು, ಅವುಗಳ ಮೇಲೆ ಆಯುಧಪಾಣಿಗಳಾದ ಯೋಧರು, ನೀರಿಗೆ ಉರುಳುತ್ತಿರುವ ದೇಹಗಳು. ಭಾರತೀಯ ಶಿಲ್ಪದಲ್ಲಿ ನೌಕಾಯುದ್ಧದ ಇಷ್ಟು ವಿಸ್ತಾರವಾದ ಚಿತ್ರಣ ವಿರಳ. ಕದಂಬರ ಗೋವೆಯ ವೀರಗಲ್ಲುಗಳಲ್ಲಿಯೂ ಇಂತಹ ಹಡಗುಗಳಿವೆ.

ಇವು ಯಾವ ಯುದ್ಧಕ್ಕೆ ಸಂಬಂಧಿಸಿದವೆಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿದೆ. ಮಾಳವದ ಭೋಜರಾಜನ ಕೊಂಕಣದ ದಂಡಯಾತ್ರೆಯೆಂದು ಕೆಲವರೆಂದರೆ, ಕ್ರಿ.ಶ. 1265ರ ಸುಮಾರಿಗೆ ದೇವಗಿರಿಯ ಸೇವುಣ ಅರಸ ಮಹಾದೇವನಿಗೂ ಕಡೆಯ ಶಿಲಾಹಾರ ದೊರೆ ಸೋಮೇಶ್ವರನಿಗೂ ನಡೆದ ಕಾಳಗವೆಂದು ಇತರರ ನಿಲುವು. ನೆಲದ ಮೇಲೆ ಸೋತು ಹಡಗನ್ನೇರಿದ ಸೋಮೇಶ್ವರನು ಕಡಲಿನಲ್ಲಿಯೇ ಅಳಿದನೆಂಬುದನ್ನು ಮಹಾದೇವನ ಮಂತ್ರಿ, ಧರ್ಮಶಾಸ್ತ್ರಜ್ಞ ಹೇಮಾದ್ರಿ ತನ್ನ ಗ್ರಂಥದಲ್ಲಿ ಸೂಚಿಸಿದ್ದಾನೆ. ಈ ನಿಲುವನ್ನು ಒಪ್ಪುವುದಾದರೆ, ಕನ್ನಡದ ಬಿರುದುಗಳನ್ನು ಧರಿಸಿದ ವಂಶವೊಂದು ಕನ್ನಡದಲ್ಲಿ ನೂರಾರು ಶಾಸನಗಳನ್ನು ಬರೆಯಿಸಿದ ಇನ್ನೊಂದು ವಂಶದ ಕೈಯಲ್ಲಿ ಈ ತೀರದಲ್ಲಿ ಕೊನೆಗೊಂಡಿತೆನ್ನಬೇಕು. ಕಲ್ಲುಗಳಲ್ಲಿರುವ ಯೋಧರಾದರೋ ಅನಾಮಧೇಯರು. ಹುಟ್ಟು ಹಾಕಿದವರು ಈ ಕಡಲನ್ನು ಬಲ್ಲ ಸ್ಥಳೀಯ ನಾವಿಕರೇ ಆಗಿದ್ದಿರಬೇಕು.

ಪೋರ್ಚುಗೀಸರು, ಮರಾಠರು, ಬ್ರಿಟಿಷರು

1534ರ ಡಿಸೆಂಬರಿನಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಶಾಹನು ವಸಾಯಿಯನ್ನೂ ಅದರ ಅಧೀನದ ದ್ವೀಪಗಳನ್ನೂ ಪೋರ್ಚುಗೀಸರಿಗೆ ಒಪ್ಪಿಸಿದನು. ಸಾಷ್ಟಿ ದ್ವೀಪ ಹಾಗೂ ಅದಕ್ಕೆ ಹೊಂದಿದ ಗೋರಾಯಿ-ಉತ್ತನ್ ಪಟ್ಟಿಯೂ ಅವರ ವಶವಾದವು. ಅರುವತ್ತಾರು ಹಳ್ಳಿಗಳೆಂಬ ಅರ್ಥದ ‘ಷಟ್‌ಷಷ್ಟಿ’ಯಿಂದ ಬಂದ ಈ ಹೆಸರು ಗೋವೆಯಲ್ಲಿಯೂ ಇದೆ. ಗೋವೆಯ ಸಾಷ್ಟಿಯಲ್ಲಿ ಹದಿನಾರನೆಯ ಶತಮಾನದಲ್ಲಿ ದೇವಾಲಯಗಳು ನಾಶವಾದಾಗ ಅನೇಕ ಕುಟುಂಬಗಳು ದೇವರ ಮೂರ್ತಿಗಳೊಡನೆ ಕೆನರಾ ಮತ್ತು ಕೇರಳದ ಕಡೆಗೆ ವಲಸೆ ಹೋದುದು ದಕ್ಷಿಣ ಕನ್ನಡದವರಿಗೆ ತಿಳಿದ ಇತಿಹಾಸ. ಮುಂಬಯಿಯ ಸಾಷ್ಟಿಯಲ್ಲಿಯೂ ಇದೇ ಕಾಲದಲ್ಲಿ ಮತಾಂತರ ವ್ಯಾಪಕವಾಯಿತು. ಬೊರಿವಲಿಯ ಮಂಡಪೇಶ್ವರ ಗುಹೆಯು ಇದಕ್ಕೆ ನಿದರ್ಶನ. ಸುಮಾರು ಆರನೆಯ ಶತಮಾನದ, ನಟರಾಜನ ಶಿಲ್ಪವುಳ್ಳ ಈ ಶೈವಾಲಯವನ್ನು ಫ್ರಾನ್ಸಿಸ್ಕನ್ ಪಾದ್ರಿಗಳು ಇಗರ್ಜಿಯನ್ನಾಗಿ ಪರಿವರ್ತಿಸಿದರು. ಅದರ ಮೇಲೆ ಕಟ್ಟಿದ ಕಟ್ಟಡದ ಭಗ್ನಾವಶೇಷ ಇಂದಿಗೂ ಉಳಿದಿದೆ. ಒಂದೇ ಬಂಡೆಯಲ್ಲಿ ಶಿವಾಲಯವೂ ಶಿಲುಬೆಯೂ ಇರುವ ಈ ಸ್ಥಳವನ್ನು ಈಗ ಪುರಾತತ್ವ ಇಲಾಖೆ ಸಂರಕ್ಷಿಸುತ್ತಿದೆ.

ಎರಡು ಶತಮಾನಗಳ ಬಳಿಕ ಪೇಶ್ವೆ ಮೊದಲನೆಯ ಬಾಜೀರಾಯನ ಸಹೋದರ ಚಿಮಾಜಿ ಅಪ್ಪಾ ಈ ಆಳ್ವಿಕೆಯನ್ನು ಕೊನೆಗಾಣಿಸಿದನು. 1737ರಲ್ಲಿ ಥಾಣೆ ಮರಾಠರ ವಶವಾಯಿತು. ವಸಾಯಿ ಕೋಟೆಗೆ ಸಮುದ್ರದಿಂದ ನೆರವು ಬಾರದಂತೆ ತಡೆಯಲು ಖಾಡಿಯ ದಕ್ಷಿಣ ದಡದ ಧಾರಾವಿ ಕೋಟೆ ಅತ್ಯಗತ್ಯವಾಗಿತ್ತು. ಉತ್ತನ್-ಡೋಂಗ್ರಿಯ ಎತ್ತರದ ನೆಲದಲ್ಲಿದ್ದ ಈ ನೆಲೆಗಾಗಿ ಇಬ್ಬಣಗಳೂ ಸೆಣಸಿದವು. 1739ರ ಆರಂಭದಲ್ಲಿ ವರ್ಸೋವಾ ಮತ್ತು ಧಾರಾವಿ ಮರಾಠರ ಕೈಸೇರಿದವು. ಅದೇ ವರ್ಷದ ಮೇ ತಿಂಗಳಿನಲ್ಲಿ ವಸಾಯಿ ಶರಣಾಯಿತು. ವಿಜಯದ ನೆನಪಿಗಾಗಿ ಇಗರ್ಜಿಗಳ ಗಂಟೆಗಳನ್ನು ಮರಾಠರು ಕೊಂಡೊಯ್ದರು. ಭೀಮಾಶಂಕರ, ನಾಸಿಕದ ನಾರೋಶಂಕರ ಮೊದಲಾದ ದೇವಾಲಯಗಳಲ್ಲಿ ಅವುಗಳನ್ನು ಇಂದಿಗೂ ಕಾಣಬಹುದು. ಗೋರಾಯಿ ಪರಿಸರದ ಸಣ್ಣ ಹಳ್ಳಿಗಳು ಒಂದು ದೊಡ್ಡ ಸಂಗ್ರಾಮದ ಹಾದಿಯಲ್ಲಿದ್ದುದು ಅದೇ ಕೊನೆಯ ಬಾರಿ.

1774ರ ಡಿಸೆಂಬರಿನಲ್ಲಿ ಬ್ರಿಟಿಷರು ಥಾಣೆಯನ್ನೂ ಸಾಷ್ಟಿಯನ್ನೂ ಆಕ್ರಮಿಸಿದರು. 1782ರ ಸಾಲ್ಬಾಯಿ ಒಪ್ಪಂದವು ಅದನ್ನು ಸ್ಥಿರೀಕರಿಸಿತು. ಅನಂತರ ನಡೆದುದು ಕಡಲನ್ನು ಹಿಂದೆ ಸರಿಸಿ ನೆಲದ ಹಾದಿಯನ್ನು ಕಟ್ಟುವ ಕಾರ್ಯ. 1803ರಲ್ಲಿ ಸಾಯನ್‌ನ ಒಡ್ಡು, 1845ರಲ್ಲಿ ಮಾಹಿಮ್‌ನ ಒಡ್ಡು ಮುಂಬಯಿಯನ್ನು ಸಾಷ್ಟಿಯೊಡನೆ ಬೆಸೆದವು. 1867ರಲ್ಲಿ ವಿರಾರ್‌ನಿಂದ ಬ್ಯಾಕ್‌ಬೇವರೆಗೆ ರೈಲು ಓಡತೊಡಗಿತು. ಈ ಹಳಿ ಹಾಯ್ದುಹೋದುದು ಖಾಡಿಯ ಪೂರ್ವ ದಡದಲ್ಲಿ. ಅಲ್ಲಿಂದ ಮುಂದೆ ಊರಿನ ಬೆಲೆಯನ್ನು ನಿರ್ಧರಿಸಿದುದು ಬಂದರಲ್ಲ, ರೈಲು ನಿಲ್ದಾಣ. ಒಂದು ಕಾಲದಲ್ಲಿ ಹೊರಗಿನ ಜಗತ್ತಿಗೆ ಎದುರಾಗಿದ್ದ ಗೋರಾಯಿಯು ನಗರದ ಬೆನ್ನಹಿಂದಿನ ಊರಾಯಿತು. ಊರು ಎಲ್ಲಿದ್ದಿತೋ ಅಲ್ಲಿಯೇ ಇದ್ದಿತು, ಬದಲಾದುದು ಹಾದಿ.

ಉಳಿದು ಬಂದ ಜನಜೀವನ

ಈ ಏಕಾಂತದಿಂದ ಗೋರಾಯಿಗೆ ಅನನುಕೂಲಗಳೂ ಆದವು, ಲಾಭವೂ ಆಯಿತು. ಚಿಕಿತ್ಸೆ, ಉನ್ನತ ಶಿಕ್ಷಣ, ಉದ್ಯೋಗಗಳಿಗೆ ಕಡವನ್ನೇ ನಂಬಬೇಕಾದ ಸ್ಥಿತಿ ಒಂದೆಡೆ. ಮುಂಬಯಿಯ ಬೇರೆ ಗ್ರಾಮಗಳು ಕಟ್ಟಡಗಳ ನಡುವೆ ಕರಗಿಹೋದರೂ ಇಲ್ಲಿಯ ಗ್ರಾಮಜೀವನವು ಮೂಲರೂಪದಲ್ಲಿ ಬಹುಮಟ್ಟಿಗೆ ಉಳಿದುದು ಇನ್ನೊಂದೆಡೆ. ಮೀನುಗಾರಿಕೆ, ತರಕಾರಿ ಬೇಸಾಯ, ತಾಳೆ ಮತ್ತು ತೆಂಗು, ಉಪ್ಪಿನಾಗರಗಳು ಈ ಪರಿಸರದ ಹಳೆಯ ಕಸುಬುಗಳು. ಬಿದಿರಿನ ಚೌಕಟ್ಟುಗಳಲ್ಲಿ ಬೊಂಬಿಲ್ ಮೀನನ್ನು ಸಾಲಾಗಿ ಒಣಗಿಸುವ ದೃಶ್ಯ ಈ ತೀರದ ಗುರುತೇ ಆಗಿದೆ.

ಇಲ್ಲಿಯ ಕ್ರೈಸ್ತರು ‘ಈಸ್ಟ್ ಇಂಡಿಯನ್’ ಎಂಬ ಸಮುದಾಯಕ್ಕೆ ಸೇರಿದವರು. ಗೋವೆ ಮತ್ತು ಮಂಗಳೂರುಗಳಿಂದ ಮುಂಬಯಿಗೆ ಬಂದ ಕ್ರೈಸ್ತರಿಂದ ತಮ್ಮನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಲು, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ವರ್ಷವಾದ 1887ರಲ್ಲಿ ಈ ನೆಲದ ಮೂಲ ಕ್ರೈಸ್ತರು ಆ ಹೆಸರನ್ನು ಸ್ವೀಕರಿಸಿ ಸಂಘವೊಂದನ್ನು ಸ್ಥಾಪಿಸಿದರು. ಅವರ ಮನೆಮಾತು ಮರಾಠಿಯ ಒಂದು ಉಪಭಾಷೆ. ಉಡುಗೆ, ಮದುವೆಯ ಕಟ್ಟಳೆಗಳಲ್ಲಿ ಹಳೆಯ ಕೊಂಕಣದ ಸಂಪ್ರದಾಯಗಳು ಉಳಿದುಬಂದಿವೆ. ಬಾಲಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳ ಹೆಸರಿನ ಇಗರ್ಜಿ ಗೋರಾಯಿಯಲ್ಲಿದೆ. ಈ ಕರಾವಳಿಯ ಕೋಳಿ ಜನಾಂಗದಲ್ಲಿ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಕಾರ್ಲಾದ ಏಕವೀರಾ ದೇವಿ ಹಿಂದೂ ಕೋಳಿಗಳ ಆರಾಧ್ಯದೈವ. ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಬಳಿಕ ಮೀನುಗಾರಿಕೆಯ ಋತು ತೊಡಗುವುದು ಸಂಪ್ರದಾಯ. ತುಳುನಾಡಿನ ಮೊಗವೀರರ ಸಮುದ್ರಪೂಜೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಹೊಸ ಕಾಲದ ಬದಲಾವಣೆಗಳು

1989ರಲ್ಲಿ ಗೋರಾಯಿಯ ಸಮೀಪ ಎಸ್ಸೆಲ್‌ವರ್ಲ್ಡ್ ಮನೋರಂಜನಾ ಉದ್ಯಾನ ಆರಂಭವಾದಾಗ ಮುಂಬಯಿಯ ಮಕ್ಕಳಿಗೆಲ್ಲ ಈ ಕಡವಿನ ಪರಿಚಯವಾಯಿತು. ಮೂರು ದಶಕಗಳಿಗೂ ಮಿಕ್ಕಿ ಜನರನ್ನು ಆಕರ್ಷಿಸಿದ ಆ ಉದ್ಯಾನ 2022ರಲ್ಲಿ ಶಾಶ್ವತವಾಗಿ ಮುಚ್ಚಿತು. ಅದರ ಪಕ್ಕದಲ್ಲಿ ಎದ್ದುನಿಂತ ವಿಶ್ವ ವಿಪಶ್ಯನಾ ಪಗೋಡವನ್ನು 2009ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದರು. ಬರ್ಮಾದಲ್ಲಿ ಹುಟ್ಟಿ ಬೆಳೆದ ಸತ್ಯನಾರಾಯಣ ಗೋಯೆಂಕಾ ಅವರ ಪ್ರೇರಣೆಯಿಂದ, ಯಾಂಗೂನಿನ ಶ್ವೇಡಗಾನ್ ಪಗೋಡದ ಮಾದರಿಯಲ್ಲಿ ಕಟ್ಟಲಾದ ಇದರ ಗುಮ್ಮಟದೊಳಗೆ ಒಂದೂ ಕಂಬವಿಲ್ಲ. ಸುಮಾರು 8,000 ಮಂದಿ ಏಕಕಾಲದಲ್ಲಿ ಧ್ಯಾನಕ್ಕೆ ಕುಳಿತುಕೊಳ್ಳಬಹುದು. ಕಾನ್ಹೇರಿಯ ಕೊನೆಯ ಭಿಕ್ಷುಗಳು ಮರೆಯಾಗಿ ಶತಮಾನಗಳು ಸಂದ ಬಳಿಕ ಬುದ್ಧನ ಸ್ಮಾರಕವು ಮತ್ತೆ ಈ ಪರಿಸರಕ್ಕೆ ಬಂದುದು ಇತಿಹಾಸದ ಒಂದು ವಿಶೇಷ.

ಗೋರಾಯಿ, ಮನೋರಿಗಳು ಮುಂಬಯಿ ಮಹಾನಗರಪಾಲಿಕೆಗೆ ಸೇರಿದ್ದರೆ, ಉತ್ತನ್ ಥಾಣೆ ಜಿಲ್ಲೆಯ ಮೀರಾ-ಭಾಯಂದರ್ ಪಾಲಿಕೆಯ ವ್ಯಾಪ್ತಿಯಲ್ಲಿದೆ. ನಗರಕ್ಕೆ ಸ್ಥಳ ಸಾಲದಾದಂತೆಲ್ಲ ಈ ಪಟ್ಟಿಯ ಮೇಲೆ ಯೋಜನೆಗಳ ದೃಷ್ಟಿ ಬಿದ್ದಿದೆ. ಪ್ರವಾಸೋದ್ಯಮಕ್ಕಾಗಿ ವಿಶೇಷ ವಲಯವನ್ನು ನಿರ್ಮಿಸುವ ಪ್ರಸ್ತಾವ ಬಂದಾಗ, ತಮ್ಮ ಹೊಲ ಮತ್ತು ಕಡಲು ಎರಡೂ ಕೈತಪ್ಪುವುವೆಂಬ ಆತಂಕದಿಂದ ಗ್ರಾಮಸ್ಥರು ಒಗ್ಗಟ್ಟಾಗಿ ವಿರೋಧಿಸಿದರು. ಸಮುದ್ರದ ನೀರನ್ನು ಸಿಹಿಯಾಗಿಸುವ ಮಹಾನಗರಪಾಲಿಕೆಯ ಸ್ಥಾವರಕ್ಕಾಗಿ ಮನೋರಿಯನ್ನು ಆಯ್ಕೆಮಾಡಲಾಗಿದೆ. ವರ್ಸೋವಾದಿಂದ ಭಾಯಂದರ್‌ವರೆಗಿನ ಉತ್ತರ ಕರಾವಳಿ ರಸ್ತೆಯ ಯೋಜನೆ ಈ ಪರಿಸರದ ಕಾಂಡ್ಲಾ ಕಾಡಿನ ಪ್ರಶ್ನೆಯನ್ನು ಮುನ್ನೆಲೆಗೆ ತಂದಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗ, ನೀರನ್ನು ಹೀರಿಕೊಳ್ಳುವ ಈ ಕಾಡುಗಳ ಬೆಲೆ ಎಲ್ಲರಿಗೂ ಮನವರಿಕೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ಕಾಡುಗಳ ನಾಶಕ್ಕೆ ತಡೆಯೊಡ್ಡಿತು.

ಸೌಕರ್ಯಗಳು ಬೇಡವೆಂದು ಹಳ್ಳಿಗರಿಗೆ ಉಪದೇಶಿಸುವ ಅಧಿಕಾರ ನಗರದಲ್ಲಿ ಸುಖವಾಗಿರುವವರಿಗಿಲ್ಲ. ರಾತ್ರಿ ವೇಳೆ ರೋಗಿಯನ್ನು ಕಡವು ದಾಟಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಆದರೆ ಹಾದಿ ಊರಿಗಾಗಿ ಬರುವುದಕ್ಕೂ, ಊರು ಹಾದಿಗಾಗಿ ತೆರವಾಗುವುದಕ್ಕೂ ಅಂತರವಿದೆ. ಗೋರಾಯಿಯ ಜನರು ಕೇಳುತ್ತಿರುವುದು ಆ ಅಂತರವನ್ನು ಗಮನಿಸಬೇಕೆಂದು.

ಉಪಸಂಹಾರ

ಮುಂಬಯಿಯ ತುಳು-ಕನ್ನಡಿಗರು ಈ ನಗರಕ್ಕೆ ಬದುಕನ್ನರಸಿ ಬಂದವರು. ಕಾನ್ಹೇರಿಯಲ್ಲಿ ಅಮೋಘವರ್ಷನ ಹೆಸರಿದೆಯೆಂಬುದು, ಶಿಲಾಹಾರರ ಶಾಸನಗಳಲ್ಲಿ ಕನ್ನಡದ ಬಿರುದುಗಳಿವೆಯೆಂಬುದು ಅವರಿಗೆ ಅಭಿಮಾನದ ವಿಷಯವೇ ಸರಿ. ಆದರೆ ಅದು ಈ ನೆಲದ ಮೇಲಿನ ಹಕ್ಕಿನ ಪತ್ರವಲ್ಲ. ಚಾಲುಕ್ಯರು, ರಾಷ್ಟ್ರಕೂಟರು, ಶಿಲಾಹಾರರು, ಸೇವುಣರು, ಸುಲ್ತಾನರು, ಪೋರ್ಚುಗೀಸರು, ಮರಾಠರು, ಬ್ರಿಟಿಷರು ಎಲ್ಲರೂ ಬಂದರು, ಆಳಿದರು, ಅಳಿದರು. ದೋಣಿ ನಡೆಸುವವರು, ಬಲೆ ಬೀಸುವವರು, ಉಪ್ಪು ಬೆಳೆಯುವವರು ಮಾತ್ರ ಪ್ರತಿ ಆಳ್ವಿಕೆಯಲ್ಲಿಯೂ ಕಂದಾಯ ತೆತ್ತು, ಪ್ರತಿ ಯುದ್ಧದಲ್ಲಿಯೂ ನಷ್ಟವನ್ನು ಅನುಭವಿಸಿ, ಇದೇ ತೀರದಲ್ಲಿ ಉಳಿದರು. ಗೋರಾಯಿಯ ನಿಜವಾದ ಇತಿಹಾಸ ಅವರದು.

ಆದುದರಿಂದ ಈ ನೆಲದಲ್ಲಿ ಅನ್ನ ಉಂಡವರ ಮೇಲೆ ಒಂದು ಸಣ್ಣ ಹೊಣೆಯಿದೆ. ರಜೆಯ ದಿನ ಮಕ್ಕಳನ್ನು ಏಕ್ಸರ್‌ನ ವೀರಗಲ್ಲುಗಳ ಬಳಿಗೆ, ಮಂಡಪೇಶ್ವರಕ್ಕೆ, ಕಾನ್ಹೇರಿಗೆ ಕರೆದೊಯ್ದು ಅಲ್ಲಿಯ ಕಲ್ಲುಗಳ ಕಥೆಯನ್ನು ಅವರಿಗೆ ತಿಳಿಯಹೇಳಬೇಕು. ಕಡವು ದಾಟಿ ಗೋರಾಯಿಗೆ ಹೋದಾಗ ಅಲ್ಲಿಯ ತೀರವನ್ನು ಕಸದಿಂದ ಕೆಡಿಸದೆ, ಅದು ಇನ್ನೊಬ್ಬರ ಊರೆಂಬ ಗೌರವದಿಂದ ನಡೆದುಕೊಳ್ಳಬೇಕು. ತನ್ನ ಒಡೆಯರು ಅಳಿದ ಮೇಲೂ ಅವರ ಋಣವನ್ನು ತಾಮ್ರದ ಹಲಗೆಯಲ್ಲಿ ಬರೆಯಿಸಿದ ಅಪರಾಜಿತನ ನಾಡಿದು. ಅನ್ನ ನೀಡಿದ ನೆಲದ ಋಣವನ್ನು ನೆನೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಾಗಿಲ್ಲ.